ಗಾಳಿ ಕಡಿಮಿ ಮಾಡ್ಕೋ

ಜನವರಿ 6, ಸಂಜೆ
ಇವತ್ತೂ ಕಮಲಾಪುರದ ತನಕ ಸೈಕಲ್. ಬೆನ್ನು ಬಗ್ಗಿಸಿ, ಮೊಣಕೈ ಒಳಗೆಳೆದು, ಗಲ್ಲ ಹ್ಯಾಂಡಲ್‌ಗೆ ತಾಗುವ ಹಾಗೆ. ಕುತ್ತಿಗೆ ಸತ್ತೇ ಹೋಗಿದೆ. ಹೋಗುವಾಗ ಗೆಳತಿ ಮುಬಶ್ಶಿರಾ ಮುಂದೆ, ಅವಳ ಚಕ್ರಕ್ಕೆ ಅಂಟಿಕೊಂಡು ನಾನು. ಅವಳು ಗಾಳಿ ಸೀಳುತ್ತಾಳೆ, ನನಗೆ ಆರಾಮ. ಬರುವಾಗ ಉಲ್ಟಾ. ಭಾನುವಾರದ ಆಯ್ಕೆ ಟ್ರಯಲ್‌ನಲ್ಲಿ ಮಾತ್ರ ಒಬ್ಬೊಬ್ಬರೇ. ರಾಜ್ಯ ಟೀಮಿಗೆ ಜಿಲ್ಲೆಯಿಂದ ಒಂದೇ ಸೀಟು. ವಯಸ್ಸಿನ ಲೆಕ್ಕದಲ್ಲಿ ನನಗಿದೇ ಕೊನೆ ಚಾನ್ಸ್.

ಜನವರಿ 9
ಕೋಚ್ ಅಣವೀರಪ್ಪ ಸರ್ ಮನೆಗೇ ಬಂದು ಬೈದರು. ಓಡಿಸುವಾಗ ಅಂಗಿ ಪಟಪಟ ಹಾರುತ್ತದಂತೆ.
"ಗಾಳಿ ಕಡಿಮಿ ಮಾಡ್ಕೋ ಪಂಚಶೀಲಾ. ಇಲ್ಲಂದ್ರ ಸೀಟು ಮರತುಬಿಡು."
ಅವ್ವ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾಳೆ ಸೇಡಂ ರಸ್ತೆಯ ಟೇಲರ್ ಹತ್ತಿರ ಅಂಗಿ ಬಿಗಿ ಮಾಡಿಸಬೇಕು.

ಜನವರಿ 11, ಕಮಲಾಪುರ
ಸೋತೆ. ಏರಿನಲ್ಲಿ ಸೈಕಲ್ ಮುಂದಕ್ಕೇ ಹೋಗಲೊಲ್ಲದು. ಮುಗಿಸಿ ಇಳಿದು ಟೈರ್ ಒತ್ತಿದೆ — ಎರಡೂ ಮೆತ್ತಗೆ. ನಿನ್ನೆ ನಾನೇ ಪಂಪ್ ಹೊಡೆದು ಕಲ್ಲಿನಂತೆ ಮಾಡಿದ್ದೆ. ಬೆಳಿಗ್ಗೆ ಟಂಟಂ ಆಟೋದಲ್ಲಿ ಹಾಕಿ ತಂದದ್ದು, ದಾರಿಯಲ್ಲಿ ಹತ್ತಿರಲೇ ಇಲ್ಲ. ನಾನು ಬೆನ್ನಿಗೆ ಹಚ್ಚುವ ನಂಬರ್ ತರಲು ಹೋದಾಗ ಸೈಕಲ್ ಹತ್ತಿರ ಇದ್ದವಳು ಮುಬಶ್ಶಿರಾ. ಗೆದ್ದವಳೂ ಅವಳೇ.
ಎಲ್ಲರ ಮುಂದೆ ಕೇಳಿಬಿಟ್ಟೆ. ಅವಳ ಮುಖ ಬಿಳಿಚಿತು.
"ದಿನಾ ನಿನ್ನ ಮುಂದ ಇದ್ದು ಗಾಳಿ ತಡದಾಕಿ ನಾನು. ನಿನ್ನ ಟೈರಿನ ಗಾಳಿ ತೆಗೀತೀನೇನು?"
ನಾಟಕ. ಕಂಪ್ಲೇಂಟ್ ಕೊಟ್ಟೆ. ಅವಳ ಹೆಸರು ತಡೆಹಿಡಿದಿದ್ದಾರೆ. ಮುಂದಿನ ಭಾನುವಾರ ನನಗೆ ಮತ್ತೆ ಟ್ರಯಲ್.

ಜನವರಿ 17, ಸಂಜೆ
ಅವಳು ಪ್ರ್ಯಾಕ್ಟೀಸಿಗೆ ಬರುತ್ತಿಲ್ಲ. ಎದುರುಗಾಳಿಗೆ ನಾನೊಬ್ಬಳೇ. ಸಿಟ್ಟು ಇನ್ನೂ ಇಳಿದಿಲ್ಲ.
ನಾಳೆಗೆಂದು ಪಂಪ್ ಹೊಡೆಯುತ್ತಿದ್ದೆ. ಅವ್ವ ಪಕ್ಕಕ್ಕೆ ಬಂದು ಕೂತಳು.
"ಈ ಸಲ ಪೂರಾ ತಗದುಬಿಡ್ಲೇನು?"
"ಏನು?"
"ಗಾಳಿ. ಸರ್ ಕಡಿಮಿ ಮಾಡಂದಿದ್ರಲ್ಲ, ನೀ ಮರತಿದ್ದಿ. ಅವತ್ತು ನಸುಕಿನಾಗ ನಾನೇ ಎರಡೂ ಗಾಲಿದು ಬಿಟ್ಟಿದ್ದೆ. ಹೆದರಿ ಅರ್ಧಾನೇ ಬಿಟ್ಟೆ. ಅದಕ್ಕೇ ಸೋತಿ ಕಾಣ್ತದ."

ಪಂಪ್ ಅಲ್ಲೇ ಬಿಟ್ಟು ಎದ್ದೆ.
ಸರ್‌ಗೆ ಹೇಳಿದರೆ ಟ್ರಯಲ್ ಇಲ್ಲ, ಸೀಟು ಅವಳದು. ಹೇಳದಿದ್ದರೆ... ಯಾರಿಗೆ ಗೊತ್ತಾಗುತ್ತದೆ? ಥೂ, ನನ್ನ ಮೇಲೆ ನನಗೇ ಹೇಸಿಗೆ.
ಮುಬಶ್ಶಿರಾಗೆ ಫೋನ್ ಹಚ್ಚಿದೆ. ಕಟ್ ಮಾಡಿದಳು. ಮತ್ತೆ ಹಚ್ಚಿದೆ. ಎತ್ತಿದಳು. ಅವಳೇ ಅಂದಳು — "ನಾಳಿ ಎದುರುಗಾಳಿ ಜೋರ್ ಅದಂತ. ತಲಿ ತಗ್ಗಿಸಿ ಹೊಡಿ." ಇಟ್ಟುಬಿಟ್ಟಳು.
ಸರ್ ನಂಬರ್ ಒತ್ತಿದ್ದೇನೆ. ರಿಂಗ್ ಆಗುತ್ತಿದೆ. ಎತ್ತಿದರೆ ಮೊದಲು ಹೇಳುವುದು ಇದೇ — ಗಾಳಿ ಬಿಟ್ಟವಳು ಮುಬಶ್ಶಿರಾ ಅಲ್ಲ.