ಕಾಶಪ್ಪನ ಡ್ರಾಯರ್

ಮಂಗಳವಾರ, ಜೂನ್ 10

ಮುಂಬಯಿಯ ಪರೇಲಿನ ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದೆ. ಅಲ್ಲಿ ರೋಗಿಗಳ ದಾಖಲೆ ಹುಡುಕುವ ಕಂಪ್ಯೂಟರ್ ಪ್ರೋಗ್ರಾಂ ಬರೆದವಳು ನಾನು. ಸ್ಟ್ರೆಚರ್ ಮೇಲಿದ್ದ ಹೆಂಗಸಿಗೆ ಯಾವ ಔಷಧ ಒಗ್ಗುವುದಿಲ್ಲ ಎಂದು ಡಾಕ್ಟರು ಕೇಳಿದರೆ, ನನ್ನ ಪ್ರೋಗ್ರಾಂ ಆರು ನಿಮಿಷ ಸುಮ್ಮನೆ ತಿರುಗುತ್ತಿತ್ತು. ಪ್ರತಿ ಹುಡುಕಾಟಕ್ಕೂ ಅದು ಮೊದಲು ಎಲ್ಲ ಹೆಸರುಗಳನ್ನೂ ಹೊಸದಾಗಿ ಅಕಾರಾದಿಯಲ್ಲಿ ಜೋಡಿಸುತ್ತದೆ. ಐವತ್ತು ಹೆಸರು ಹಾಕಿ ಪರೀಕ್ಷಿಸಿದಾಗ ಕ್ಷಣದಲ್ಲಿ ಮುಗಿದಿತ್ತು. ಇಲ್ಲಿರುವುದು ಅರವತ್ತು ಸಾವಿರ.

ರೆಕಾರ್ಡ್ ರೂಮಿನ ಕಾಶಪ್ಪ ತನ್ನ ಡ್ರಾಯರಿನ ಕಾರ್ಡುಗಳನ್ನು ನಡುವೆ ಬಿಡಿಸಿ, ಒಂದಷ್ಟು ಕಾರ್ಡು ಹಿಂದೆ ಸರಿದು, ತುಸು ಮುಂದೆ ಬಂದು, ಅವಳ ಕಾರ್ಡು ಎತ್ತಿಕೊಟ್ಟ.

“ಇಡೂಮುಂದನ ಜಾಗಾ ನೋಡಿ ಇಡತೀನ್ರೀ ಮೇಡಮ್. ಆಮ್ಯಾಲೆ ಹುಡುಕೂದೇನದ?”

ಹೆಂಗಸು ಉಳಿದಳು. ಕೋಡ್ ಇನ್ನೂ ತಿದ್ದಿಲ್ಲ. ನಾಳೆ ಒಂಬತ್ತಕ್ಕೆ ಆ ಕಾರ್ಡುಗಳನ್ನು ರದ್ದಿಗೆ ಒಯ್ಯಲು ಭಂಗಾರದವನು, ಗುಜರಿಯವನು, ಬರುತ್ತಾನೆ. ಪ್ರೋಗ್ರಾಂ ಬಂತಲ್ಲ ಎಂದು ಕರೆಸಿದವಳು ನಾನೇ. ಈಗ ಬರಬೇಡ ಎನ್ನೋಣವೆಂದರೆ ಅವನು ಫೋನ್ ಎತ್ತುತ್ತಿಲ್ಲ.