ಏಳನೇ ಪ್ರಶ್ನೆಯ ಉತ್ತರ

ಮಾರ್ಚ್ ೧೪, ಮಧ್ಯಾಹ್ನ

ಪುಟ್ಟಿ,

ಅಲ್ಲ, ತಪ್ಪಾಯಿತು. ಪೂಜ್ಯ ಟ್ಯೂಟರ್ ಅಮ್ಮನವರೇ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿಯೇ ಇರುತ್ತೀಯ, ನಿನಗೇನಾಗಬೇಕು? ನಿನ್ನ ಎರಡು ಕಾಗದಗಳಿಗೂ, ಅಂದರೆ ಪ್ರಶ್ನೆಪತ್ರಿಕೆಗೂ ಫಲಿತಾಂಶದ ಹಾಳೆಗೂ, ಉತ್ತರಿಸಲು ತಡವಾಯಿತು, ಕ್ಷಮಿಸು. ಮಕ್ಕಳ ವಾರ್ಡಿಗೂ ನಿನ್ನ ನರ್ಸಿಂಗ್ ಶಾಲೆಗೂ ನಡುವೆ ಇರುವುದು ಹದಿನಾಲ್ಕು ಮೆಟ್ಟಿಲು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗೆ ಬಂದರೆ ನನ್ನ ಬಾಯಿ ನನ್ನ ಹಿಡಿತದಲ್ಲಿರುವುದಿಲ್ಲ.

ಲೆಕ್ಕದ ಪರೀಕ್ಷೆಯ ಫಲಿತಾಂಶ ನೋಡಿದೆ. ಹತ್ತಕ್ಕೆ ಒಂಬತ್ತು. ಹತ್ತಕ್ಕೆ ಹತ್ತು ಬಾರದ ನರ್ಸು ಆರು ತಿಂಗಳು ಔಷಧದ ಟ್ರೇ ಮುಟ್ಟುವಂತಿಲ್ಲ, ಮತ್ತೆ ತಪ್ಪಿದರೆ ವಾರ್ಡಿನಿಂದಲೇ ಹೊರಗೆ. ಬೆಳಿಗ್ಗೆಯಿಂದ ಕೂತು ಹಾಸಿಗೆಯ ಬಟ್ಟೆ ಮಡಚುತ್ತಿದ್ದೇನೆ. ಇಪ್ಪತ್ತನಾಲ್ಕು ವರ್ಷ ಮಕ್ಕಳಿಗೆ ಔಷಧ ಕೊಟ್ಟವಳಿಗೆ ನೀನು ಕೊಡಿಸಿದ ಬಡ್ತಿ ಇದು.

ಭಾಗಾಕಾರ ಎಂದರೆ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದ ನಿನಗೆ ಅಂಗಿಯ ಗುಂಡಿ ಸುರಿದು ಲೆಕ್ಕ ಕಲಿಸಿದವಳು ನಾನು. ನಿನ್ನ ಪ್ರಶ್ನೆಪತ್ರಿಕೆಗೆ ಹೆದರಿರಲಿಲ್ಲ. ಲೀಟರು, ಮಿಲಿಲೀಟರು, ಗ್ರಾಮು, ಹನಿಗಳ ಎಣಿಕೆ, ಎಲ್ಲ ಮುಗಿಸಿ ಏಳನೆಯದಕ್ಕೆ ಬಂದೆ. "ಒಂದು ವರ್ಷದ ಮಗುವಿನ ತೂಕ ೨೨ ಪೌಂಡ್. ಅಜಾಗರೂಕಳಾದ ಹಿರಿಯ ನರ್ಸ್ ಒಬ್ಬಳು ಅದನ್ನು ಕಿಲೋ ಎಂದುಕೊಂಡು, ಕಿಲೋಗೆ ೨೦ ಮಿಲಿಗ್ರಾಂನಂತೆ ಫಿಟ್ಸ್ ಔಷಧ ಕೊಟ್ಟಳು. ಎಷ್ಟು ಹೆಚ್ಚಾಯಿತು?"

ಮೈಯೆಲ್ಲ ಉರಿದುಹೋಯಿತು. ಮಗುವಿನ ವಯಸ್ಸು ಬದಲಿಸುವಷ್ಟು ದಾಕ್ಷಿಣ್ಯವೂ ನಿನಗಿರಲಿಲ್ಲ. ಅದೇ ಮಗು, ಕಿಟಕಿ ಪಕ್ಕದ ಹಾಸಿಗೆಯದು, ನನ್ನ ಕೈಯಿಂದ ಔಷಧ ಹೆಚ್ಚಾಗಿ, ಉಸಿರು ನಿಧಾನವಾಗಿ ಎರಡು ದಿನ ಯಂತ್ರದ ಮೇಲಿದ್ದು ಬದುಕಿ ಬಂದದ್ದು.

ಪರೀಕ್ಷೆ ಮುಗಿದ ಮೇಲೆ ಕಾರಿಡಾರಿನಲ್ಲಿ ನಿನ್ನ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು, "ಆಂಟಿ, ಒಂದು ವರ್ಷದ ಮಗು ಇಪ್ಪತ್ತೆರಡು ಕಿಲೋ ಇರತ್ತಾ? ಆ ನರ್ಸಿಗೆ ಅಷ್ಟೂ ಗೊತ್ತಾಗ್ಲಿಲ್ವಾ?" ಗೊತ್ತಾಗಬೇಕಿತ್ತು ಕಣಮ್ಮ ಎಂದು ಹೇಳಿ ನೀರಿನ ನಲ್ಲಿಯ ಕಡೆ ನಡೆದೆ.

ಎಲ್ಲರೂ ಅಜಾಗರೂಕಳು ಅನ್ನಲಿ. ನೀನು ಹೇಗೆ ಬರೆದೆ? ಆ ದಿನ ಹುಡುಗಿಯರ ದಂಡು ಕಟ್ಟಿಕೊಂಡು ವಾರ್ಡಿಗೆ ಬಂದವಳು ನೀನು. ಕಿಲೋಗೂ ಪೌಂಡಿಗೂ ಇರುವ ವ್ಯತ್ಯಾಸ ತೋರಿಸಲು ತೂಕದ ಯಂತ್ರದ ಗುಂಡಿಯನ್ನು ಪೌಂಡಿಗೆ ತಿರುಗಿಸಿದವಳು ನೀನು. ಮಗುವನ್ನು ತೂಗಿ ಚೀಟಿಯಲ್ಲಿ ೨೨ ಎಂದಷ್ಟೇ ಬರೆದು, ಪಕ್ಕದಲ್ಲಿ ಕಿಲೋ ಎಂದಾಗಲಿ ಪೌಂಡ್ ಎಂದಾಗಲಿ ಹಾಕದೆ ಹೋದವಳೂ ನೀನೇ. ಅಳತೆಯ ಹೆಸರಿಲ್ಲದ ಅಂಕಿ ಅಂಕಿಯೇ ಅಲ್ಲ ಎಂದು ತರಗತಿಯ ಗೋಡೆಗೆ ಬೇರೆ ಅಂಟಿಸಿದ್ದೀಯ.

ವಿಚಾರಣೆಯಲ್ಲಿ ಮೇಟ್ರನ್ ಕೇಳಿದರು, "ಮಗೂನ ತೂಕ ಮಾಡಿದ್ದು ಯಾರು?" ನಾನು ನಿನ್ನ ಮುಖ ನೋಡಿದೆ. ನೀನು ಕೈಗಡಿಯಾರ ನೋಡಿಕೊಂಡೆ. ನಿನ್ನ ಕೆಲಸ ಖಾಯಂ ಆಗಲು ಇನ್ನು ಆರೇ ವಾರ ಇತ್ತು, ಅದು ನನಗೆ ಗೊತ್ತಿತ್ತು. ನಾನೇ ಎಂದೆ. ಹೊರಗೆ ಬಂದು ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ, ನೀನು ಬರುತ್ತೀಯ ಎಂದು. ನೀನು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿದ್ದೆ.

ಇಪ್ಪತ್ತೆರಡು ಪೌಂಡ್ ಎಂದರೆ ಹತ್ತೇ ಕಿಲೋ; ಏಳನೆಯದರ ಉತ್ತರ ಇನ್ನೂರ ನಲವತ್ತು ಮಿಲಿಗ್ರಾಂ. ಅದು ನನಗೆ ಬಾಯಿಪಾಠ, ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಬೇಕೆಂದೇ ಬರೆಯಲಿಲ್ಲ. "ಚೀಟಿ ಬರೆದವರು ಯಾರು ಎಂಬುದೂ ಪ್ರಶ್ನೆಯಲ್ಲಿದ್ದರೆ ಉತ್ತರಿಸುತ್ತೇನೆ" ಎಂದು ಬರೆದೆ. ನೀನು ಕೆಂಪು ಇಂಕಿನಲ್ಲಿ ದುಂಡಗೆ ಸೊನ್ನೆ ಸುತ್ತಿದೆ. ಸೊನ್ನೆಗೂ ಅಂದ ತಂದೆಯಲ್ಲ, ಮೆಚ್ಚಿದೆ.

ಆ ಚೀಟಿ ನನ್ನ ಬಳಿ ಇದೆ. ನಾಳೆ ಹತ್ತು ಗಂಟೆಯೊಳಗೆ ಮೇಟ್ರನ್ ಕೋಣೆಗೆ ನೀನಾಗಿಯೇ ಹೋಗು. ಹೋಗದಿದ್ದರೆ ಹತ್ತೂ ಐದಕ್ಕೆ ಚೀಟಿ ಹಿಡಿದುಕೊಂಡು ನಾನು ಹೋಗುತ್ತೇನೆ. ಅಕ್ಕ ಅಲ್ಲವಾ, ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ ಎಂಬ ಲೆಕ್ಕ ಬಿಟ್ಟುಬಿಡು.

ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಆರೋಗ್ಯ ಹೇಗೂ ಕೊಟ್ಟಿದ್ದಾನೆ.

ಇಂತಿ,
ನಿನ್ನ ಅಜಾಗರೂಕ ಅಕ್ಕ

ಮರೆತ ಮಾತು: ಆ ಹುಡುಗಿಗೆ ಕೊಡದ ಉತ್ತರವನ್ನು ನಿನಗೆ ಕೊಡುತ್ತೇನೆ. ಔಷಧ ಕೊಡುವ ಮೊದಲು ಮಗುವನ್ನು ಎತ್ತಿಕೊಂಡಿದ್ದೆ. ಹತ್ತು ಕಿಲೋ, ಅದಕ್ಕಿಂತ ಹೆಚ್ಚಿಲ್ಲ ಎಂದು ತೋಳಿಗೆ ಆಗಲೇ ಗೊತ್ತಾಯಿತು. ಮತ್ತೊಮ್ಮೆ ತೂಗೋಣ ಎಂದುಕೊಂಡು ಚೀಟಿ ನೋಡಿದೆ. ಅಕ್ಷರ ನಿನ್ನದಾಗಿತ್ತು. ನನ್ನ ಪುಟ್ಟಿ ತಪ್ಪು ಬರೆಯುವುದಿಲ್ಲ ಎಂದು ಸಿರಿಂಜಿಗೆ ಔಷಧ ಎಳೆದೆ.