ವಾರ್ತೆಯ ನಡುವೆ ಒಂದು ಗುಟುಕು ನೀರು

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ವಕೀಲಮ್ಮನಿಗೆ,

ನೀನು ಕಳಿಸಿದ ಹೊಸ ಪ್ರಸಾರ ಕಾನೂನಿನ ಕರಡನ್ನು ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದೆ. ನನ್ನ ಮಗಳು ಬರೆದದ್ದು ಎಂದು ಪಕ್ಕದ ಮನೆಯವರ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ. ಇನ್ನು ಯಾರು ಬೇಕಾದರೂ ರೇಡಿಯೋ ಕೇಂದ್ರ ತೆರೆಯಬಹುದು ಎಂಬಲ್ಲಿ ಕಣ್ಣು ತುಂಬಿ ಬಂತು. ಆದರೆ ಕೊನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿಕೊಂಡೆ. ಸಾರ್ವಜನಿಕ ಹಿತಕ್ಕಾಗಿ ಮಂತ್ರಿಗಳು ಯಾವ ಸುದ್ದಿಯನ್ನಾದರೂ ಬಾಯಿಮಾತಿನಲ್ಲೇ ತಡೆಯಬಹುದಂತೆ. ನಿನ್ನ ಮೇಲಧಿಕಾರಿ ಒತ್ತಾಯಿಸಿ ಸೇರಿಸಿದ ಸಾಲು, ಯಾರೂ ಬಳಸುವುದಿಲ್ಲ ಬಿಡಮ್ಮ ಎಂದು ಬರೆದಿದ್ದೀಯ.

ಆ ಬಾಯಿಮಾತನ್ನು ನಾನು ಬಲ್ಲೆ, ಮಗಳೇ. ನಾನು ವಾರ್ತೆ ಓದುತ್ತಿದ್ದ ಕಾಲದಲ್ಲಿ ಇದ್ದದ್ದು ಸರ್ಕಾರದ ಒಂದೇ ರೇಡಿಯೋ. ಹಳೆಯ ಕಾನೂನಿನ ಪ್ರಕಾರ ಗಾಳಿಯಲ್ಲಿ ಹೋಗುವ ಮಾತೆಲ್ಲ ಸರ್ಕಾರದ್ದೇ. ವಾರ್ತೆಗೆ ಸ್ವಲ್ಪ ಮೊದಲು ಇಲಾಖೆಯಿಂದ ಫೋನ್ ಬರುತ್ತಿತ್ತು. ನಮ್ಮ ಸಂಪಾದಕರು ಹ್ಞೂಂ ಸಾರ್, ಹ್ಞೂಂ ಸಾರ್ ಅನ್ನುತ್ತಲೇ ನನ್ನ ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದರು. ಆಮೇಲೆ ಕೇಳಿದರೆ ಹಾಗೆ ಹೇಳಿದವರೇ ಯಾರೂ ಇಲ್ಲ. ಗೀಟು ಬಿದ್ದ ಜಾಗ ಬಂದಾಗ ನಾನು ಓದು ನಿಲ್ಲಿಸಿ ಒಂದು ಗುಟುಕು ನೀರು ಕುಡಿದು, ಲೋಟವನ್ನು ಟಕ್ಕೆಂದು ಮೇಜಿನ ಮೇಲಿಡುತ್ತಿದ್ದೆ. ಕೇಳುಗರು ಜಾಣರು. ಆ ಸದ್ದು ಕೇಳಿದರೆ ಏನೋ ಮುಚ್ಚಿಟ್ಟಿದ್ದಾರೆಂದು ಅವರಿಗೆ ಗೊತ್ತಾಗುತ್ತಿತ್ತು.

ಒಂದು ಸಲ ನೆಗಡಿಯಾಗಿ ಗಂಟಲು ಕಟ್ಟಿತ್ತು. ಸಕ್ಕರೆಗೇನೂ ಕೊರತೆಯಿಲ್ಲ ಎಂಬ ಸುದ್ದಿ ಓದುವಾಗ ತಡೆಯಲಾರದೆ ನೀರು ಕುಡಿದೆ. ಸಂಜೆಯೊಳಗೆ ಅಂಗಡಿಗಳಲ್ಲಿ ಸಕ್ಕರೆ ಖಾಲಿ! ಮರುದಿನ ಮಂತ್ರಿಗಳೇ ಫೋನ್ ಮಾಡಿ, ಅಲ್ಲಮ್ಮಾ, ನನಗೂ ಹೇಳದೆ ಏನು ಮುಚ್ಚಿಟ್ರಿ ಎಂದು ಕೇಳಿದರು. ಬರೀ ನೆಗಡಿ ಸಾರ್ ಎಂದೆ. ನಂಬಲಿಲ್ಲ. ಅವರ ಮನೆಯಲ್ಲೂ ಮೂಟೆಗಟ್ಟಲೆ ತಂದಿಟ್ಟಿದ್ದರಂತೆ. ಈಗ ನೆನೆದರೆ ನಗು ಬರುತ್ತದೆ, ಅಂದು ಮಾತ್ರ ಮನೆಗೆ ಬಂದು ಅತ್ತಿದ್ದೆ. ನಾನು ನಿಜ ಓದಿದರೂ ನಂಬುವವರು ಉಳಿದಿರಲಿಲ್ಲ.

ಆ ಸಾಲು ಹೊಡೆದುಹಾಕು. ಆಗದಿದ್ದರೆ, ಆದೇಶ ಬರವಣಿಗೆಯಲ್ಲಿರಬೇಕು, ಕೊಟ್ಟವರ ಹೆಸರನ್ನು ವಾರ್ತೆಯಲ್ಲೇ ಓದಬೇಕು ಎಂದಾದರೂ ಸೇರಿಸು. ಮೇಲಧಿಕಾರಿ ಸಿಡಿಮಿಡಿಗೊಳ್ಳುತ್ತಾರೆ. ನಿನ್ನ ಕೆಲಸಕ್ಕೇ ಕುತ್ತು ಬರಬಹುದು. ಅದರ ಭಯ ನನಗೂ ಇದೆ, ಇಲ್ಲವೆಂದರೆ ಸುಳ್ಳಾದೀತು. ಹಾಗೇನಾದರೂ ಆದರೆ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಾ. ನಿನ್ನ ಕೋಣೆಯ ಕಿಟಕಿ ಈಗ ಸರಿಯಾಗಿ ಮುಚ್ಚುತ್ತದೆ.

ನಿನ್ನದೇ ಯೋಚನೆಯಲ್ಲಿರುವ,
ಅಮ್ಮ

ಹೇಳಲು ಮರೆತೆ: ಕಾನೂನು ಜಾರಿಗೆ ಬರುವ ದಿನ ಅದರ ಮುಖ್ಯಾಂಶಗಳನ್ನು ರೇಡಿಯೋದಲ್ಲಿ ಓದಲು, ಹಳಬಳೆಂದು ನನ್ನನ್ನೇ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಮೇಡಂ, ಏನಾದ್ರೂ ಬೇಕಾ ಎಂದು ಕೇಳಿದರು. ಮೇಜಿನ ಮೇಲೆ ಒಂದು ಲೋಟ ನೀರಿದ್ದರೆ ಸಾಕು ಎಂದೆ. ಅಂದ ಹಾಗೆ, ನನಗೀಗ ನೆಗಡಿಯೇನೂ ಇಲ್ಲ.